ಹಿನ್ನೀರು ಏರೂ ಮೊದಲ ನಮ್ಮ ಫೈಬರ್ ದೋಣಿ ರೆಡಿ ಮಾಡಿದ್ದು

ನಮ್ಮೂರು ಬೀಳಗಿ ತಾಲೂಕಿನಾಗ ಐತಿ, ಕೊರ್ತಿ-ಕೊಲ್ಹಾರ ಬ್ರಿಜ್ಜಿನಿಂದ ಭಾಳ ದೂರ ಇಲ್ಲ. ಬ್ಯಾಸಗಿಯೊಳಗ ಆಲಮಟ್ಟಿ ಹಿನ್ನೀರು ಹಿಂದ ಸರದು ಎಲ್ಲಾ ಕೆಸರು ಬಿರಕ ಬಿಟ್ಟಿರತೈತಿ, ಮಹಾರಾಷ್ಟ್ರದ ಘಟ್ಟದಾಗ ಮಳಿ ಹಿಡೀತಂದ್ರ ಕೃಷ್ಣಾ ಏರಾಕ ಶುರು, ಡ್ಯಾಮ್ 519.60 ಮೀಟರಿಗೆ ತುಂಬಿ ನಿಂತ ಹೊತ್ತಿಗೆ ನೀರು ನಮ್ಮ ಹೊಲದ ಬದುವಿಗೆ ಬಂದಿರತೈತಿ. ಅವಾಗ ಎಲ್ಲಾರಿಗೂ ಒಮ್ಮೆಲೆ ದೋಣಿ ನೆನಪಾಗತಾವ, ರಿಪೇರಿ ಮಾಡಾವ ಫೋನ್ ಎತ್ತಂಗಿಲ್ಲ. ಅದಕ್ಕ ಈ ಸಲ ಮೇ ತಿಂಗಳದಾಗ ನಾನ ಕೈ ಹಚ್ಚಿದ್ನಿ.

ದೋಣಿ 18 ಫೂಟಿಂದು, ಸೆಕೆಂಡ್ ಹ್ಯಾಂಡ್, ಹಿಂದ ಟೂ ಸ್ಟ್ರೋಕ್ ಮೋಟರ್. ಹ್ವಾದ ವರ್ಷ ಬಲಿ ಎಳದದ್ದಕ್ಕಿಂತ ಡಬ್ಬಿಲೆ ನೀರು ಚೆಲ್ಲಿದ್ದ ಜಾಸ್ತಿ. ಬುಡಕ್ಕ ಒಂದು ಗೇಣು ಸೀಳು ಕಂಡಿತ್ತು, ಪ್ಯಾಚ್ ಹಾಕಿದ್ವಿ, ಆದ್ರೂ ನೀರು ಬರೂದು ನಿಂದರಲಿಲ್ಲ.

ನಮ್ಮ ಕಾಕಾಂದು ಇನ್ನೂ ಹರಿಗೋಲು. ವರ್ಷಾ ಅದನ್ನ ಬಿಸಲಾಗ ಬೋರಲ ಹಾಕಿ ಒಳಗ ತಲಿ ತೂರಿಸಿ ಮ್ಯಾಲ ನೋಡತಾನ, ಎಲ್ಲೆಲ್ಲಿ ಸೂಜಿ ಮೊನಿಯಷ್ಟು ಬೆಳಕ ಕಾಣತೈತಿ ಅಲ್ಲಲ್ಲಿ ಡಾಂಬರ, ಮುಗೀತು. ನಾ ಸೀಳಿನ ಮುಂದ ತಲಿ ಹಿಡ್ಕೊಂಡು ಕುಂತಿದ್ದು ನೋಡಿ, "ತಮ್ಮಾ, ನಿಂದು ಬೆಳಕ ಬಿಡಂಗಿಲ್ಲ, ನೀರ ಬಿಡತೈತೇನ ನೋಡು, ಒಳಗ ಸುರಿ" ಅಂದ. ನಗಿ ಬಂತು, ಆದ್ರ ಮಾಡಿದ್ನಿ.

ನಾಕು ಹಳೇ ಲಾರಿ ಟಾಯರ್ ಮ್ಯಾಲ ದೋಣಿ ಇಟ್ಟು, ಮುಂದಿನ ಮೂತಿ ಎರಡು ಇಟ್ಟಂಗಿ ಎತ್ತರ ಮಾಡಿ, ಹಿಂದಿನ ಕಡೆ ಹತ್ತು ಕೊಡ ನೀರು ಹಾಕಿದ್ವಿ. ಪೂರಾ ತುಂಬಸಬ್ಯಾಡ್ರಿ, ಲೀಟರಿಗೆ ಒಂದು ಕೆಜಿ ಹಿಡದು ಲೆಕ್ಕಾ ಹಾಕ್ರಿ, ಆ ಭಾರಕ್ಕ ಬುಡಾನ ಬಗ್ಗತೈತಿ. ಹೊರಗಿನ ಮೈ ಒಣಾ ಒರಸಿ ಅವ್ವನ ರಂಗೋಲಿ ಪುಡಿ ತಿಕ್ಕಿದ್ನಿ, ತ್ಯಾವ ಆದಲ್ಲಿ ಗೆರಿ ಕರ್ರಗ ಕಾಣಲಿ ಅಂತ. ಅರ್ಧಾ ತಾಸಿಗೆ ಗೊತ್ತಾತು ನೋಡ್ರಿ, ಹ್ವಾದ ವರ್ಷ ಪ್ಯಾಚ್ ಹಾಕಿದ ಸೀಳು ಒಣಾ ಒಣಾ, ನೀರು ಬರತಿದ್ದದ್ದು ಮೋಟರ್ ಕೂಡಿಸೂ ಹಿಂದಿನ ಹಲಗಿಯ ಕೆಳಗಿನ ಬೋಲ್ಟಿನ ತೂತಿನಿಂದ, ಮತ್ತ ನೀರು ಬಿಡೂ ಬುಚ್ಚಿನ ಸುತ್ತಲಿಂದ. ದೋಣಿ ನೀರಾಗ ಇದ್ದಾಗ ಅಲ್ಲಿಂದ ಒಳಗ ನುಗ್ಗಿ ಬುಡದ ಗುಂಟ ಮುಂದ ಹರದು ಸೀಳಿನ ಹತ್ರ ನಿಂದರತಿತ್ತು, ನಾವು ಸೀಳಿಗೆ ಬೈಕೋತ ಕುಂತಿದ್ವಿ.

ಬೆರಳಿನ ಗೆಣ್ಣಿಲೆ ಹಲಗಿ ಬಡದು ನೋಡಿದ್ರ ಮ್ಯಾಲ ಟಣ್ ಟಣ್, ಬೋಲ್ಟಿನ ಹತ್ರ ಡಬ್ ಡಬ್. ಒಳಗಿನ ಪ್ಲೈವುಡ್ ನೀರು ಕುಡದಿತ್ತು. ಸ್ಕ್ರೂ ಡ್ರೈವರ್ ಒತ್ತಿದ್ರ ಇಳೀಲಿಲ್ಲ, ಅಂದ್ರ ಕೊಳತಿಲ್ಲ, ಬರೇ ತ್ಯಾವ. ಬೋಲ್ಟ್ ಎಲ್ಲಾ ಬಿಚ್ಚಿ ಹನ್ನೆರಡು ದಿನ ಬಿಸಲಿಗೆ ಬಿಟ್ಟಿದ್ನಿ. ನಮ್ಮ ಮೇ ಬಿಸಲು ಒಂದು ಕೆಲಸಕ್ಕರ ಬಂತು.

ಆದ್ರ ಅದ ಬಿಸಲು ರೆಸಿನ್, ಅಂದ್ರ ಫೈಬರ್ ಪ್ಯಾಚಿಗೆ ಹಾಕೂ ಅಂಟಿನ ಕೆಲಸಕ್ಕ ವೈರಿ. ಮೊದಲನೇ ದಿನ ಮಧ್ಯಾಹ್ನ ಒಂದು ಪ್ಲಾಸ್ಟಿಕ್ ಮಗ್ ತುಂಬ ರೆಸಿನ್ ತಗೊಂಡು ಅದನ್ನ ಗಟ್ಟಿ ಮಾಡೂ ಹಾರ್ಡ್ನರ್ ಅಂದಾಜಿಲೆ ಸುರದ್ನಿ, ಫೈಬರ್ ಗಾಜಿನ ಎಳಿಯ ಮ್ಯಾಟ್ ಕತ್ತರಿಸಿ ತರೂದರೊಳಗ ಗಟ್ಟಿ ಆಗಿ ಹೊಗಿ ಬಿಡಾಕತ್ತಿತ್ತು, ಮಗ್ಗಿನ ಬುಡ ಕರಗಿ ಹೋತು. ಆಮ್ಯಾಲ ಮುಂಜಾನೆ ಐದೂವರಿಗೆ ಎದ್ದು 200 ಗ್ರಾಮಿನಷ್ಟ ತಗೊಂಡು ಸೂಜಿ ಇಲ್ಲದ ಸಿರಿಂಜಿಲೆ 2 ಎಂಎಲ್ ಹಾರ್ಡ್ನರ್, ಅಂದ್ರ ನೂರಕ್ಕ ಒಂದು, ಅದಕ್ಕಿಂತ ಕಡಿಮಿ ಮಾಡಿದ್ರ ಸರಿಯಾಗಿ ಗಟ್ಟಿ ಆಗಂಗಿಲ್ಲ. ಇನ್ನೊಂದು ಮಾತು ಮರೀಬ್ಯಾಡ್ರಿ, ರೆಸಿನ್ ಲಗೂ ಗಟ್ಟಿ ಆಗಲಿ ಅಂತ ಹಾಕೂ ಕೋಬಾಲ್ಟ್ ಬ್ಯಾರೆ ಬಾಟ್ಲಿಯೊಳಗ ಕೊಟ್ಟಿದ್ರ ಅದನ್ನೂ ಹಾರ್ಡ್ನರನ್ನೂ ಎಂದೂ ನೇರ ಕೂಡಸಬಾರದು, ಬೆಂಕಿ ಹತ್ತತೈತಿ, ಸಿಡೀಲೂಬಹುದು. ಮೊದಲ ಕೋಬಾಲ್ಟ್ ರೆಸಿನ್ನಿಗೆ ಹಾಕಿ ಚಂದಂಗ ಕಲಸಬೇಕು, ಆಮ್ಯಾಲ ಹಾರ್ಡ್ನರ್.

ಬುಡದ ಸೀಳಿನ ಹಳೇ ಪ್ಯಾಚೂ ಕೆತ್ತಿ ತಗದು ಸುತ್ತ ಅಗಲಾಗಿ ಇಳಜಾರಿಗೆ ಗ್ರೈಂಡ್ ಮಾಡಿ, ಅಸಿಟೋನಿಲೆ ಒರಸಿ ಮೂರು ಪದರ ಮ್ಯಾಟ್ ಹಾಕಿದ್ನಿ, ಗಾಳಿ ಗುಳ್ಳಿ ರೋಲರಿಲೆ ಒತ್ತಿ ಹೊರಗ ಹಾಕಬೇಕು. ಬೋಲ್ಟಿನ ತೂತಿನ ಒಳಮೈಗೆಲ್ಲಾ ರೆಸಿನ್ ಕುಡಿಸಿ, ಸೀಲೆಂಟ್ ಹಚ್ಚಿ ಬೋಲ್ಟ್ ಬಿಗದ್ನಿ. ಗ್ರೈಂಡ್ ಮಾಡುವಾಗ ಮಾಸ್ಕು, ತುಂಬುದೋಳಿನ ಅಂಗಿ ಬೇಕ ಬೇಕು, ಆ ಧೂಳಿನ ತುರಿಕಿ ಎರಡು ದಿನ ಬಿಡಲಿಲ್ಲ, ಅವ್ವ ನನ್ನ ಅರಬಿ ಬ್ಯಾರೆ ಬಕೇಟಿನಾಗ ನೆನಿ ಹಾಕಿದ್ಲು.

ಮೋಟರಿನ ನೀರು ತಳ್ಳೂ ಫ್ಯಾನ್ ಬಿಚ್ಚಿದಾಗ ಅದರ ಹಿಂದ ನೈಲಾನ್ ಬಲಿ ದಾರ ಒಂದು ಮುಷ್ಟಿ ಸುತ್ತಿಕೊಂಡಿತ್ತು, ಬಿಸಿಗೆ ಕರಗಿ ಬಳಿ ಆಗಿತ್ತು, ಗೇರಿನೊಳಗ ನೀರು ಹೋಗದಂಗ ತಡಿಯೂ ಸೀಲ್ ಕತ್ತರಿಸಿ ಹಾಕಿತ್ತು. ಕೊಲ್ಹಾರದ ಮೊಸರಂತೂ ಗಡಿಗ್ಯಾಗ ಬರತೈತಿ, ನಮ್ಮ ಗೇರಿನ ಡಬ್ಬಿಯಿಂದ ಬಂದದ್ದು ಮಜ್ಜಿಗಿ! ಆಯಿಲ್ ಬೆಳ್ಳಗ ಆಗೇತಂದ್ರ ಒಳಗ ನೀರು ಹೋಗೇತಿ ಅಂತ ಅರ್ಥ. ಸೀಲ್ ಮೆಕ್ಯಾನಿಕ್ ಕಡೆ ಹಾಕಿಸಿದ್ನಿ, ಹೊಸಾ ಆಯಿಲ್ ನಾನ ತುಂಬಿದ್ನಿ. ಕೆಳಗಿನ ತೂತಿನಿಂದ ತುಂಬಬೇಕು, ಮ್ಯಾಲಿನ ತೂತಿನಾಗ ಬರೂತನಕ, ಮ್ಯಾಲಿಂದ ಹಾಕಿದ್ರ ಗಾಳಿ ಉಳೀತೈತಿ. ಮೋಟರ್ ತಂಪ ಮಾಡೂ ನೀರಿನ ಪಂಪಿನ ರಬ್ಬರ್ ಹಲ್ಲು ಒಂದ ಕಡೆ ಬಾಗಿ ಗಟ್ಟಿ ಆಗಿದ್ವು, ಅದನ್ನೂ ಬದಲಿ ಮಾಡಿದ್ನಿ. ಹಳೇ ಪೆಟ್ರೋಲ್ ಪೂರಾ ಚೆಲ್ಲಿ, ಕಾರ್ಬೋರೇಟರ್ ತೊಳದು, ಹೊಸಾ ಪೆಟ್ರೋಲಿಗೆ ಲೀಟರಿಗೆ 20 ಎಂಎಲ್ ಟೂ ಸ್ಟ್ರೋಕ್ ಆಯಿಲ್, ನಮ್ಮ ಮೋಟರಿನ ಅಳತಿ ಅದು, ನಿಮ್ಮದು ಬುಕ್ಕಿನಾಗ ನೋಡ್ಕೋರಿ.

ಕಡೀಗೆ ನೀರಿನ ಡ್ರಮ್ಮಿನಾಗ ಮೋಟರ್ ಇಳಿಸಿ ಹಗ್ಗ ಜಗ್ಗಿದ್ನಿ. ಐದನೇ ಜಗ್ಗಿಗೆ ಹತ್ತಿತು, ಬಾಜೂಕಿನ ಸಣ್ಣ ತೂತಿನಿಂದ ನೀರು ಚಿಳ್ ಅಂತ ಹಾರಿ ಕಾಕಾನ ಧೋತರ ತೋಯಿಸ್ತು. ಮತ್ತ ಹತ್ತು ಕೊಡ ಒಳಗ ಸುರದು ರಾತ್ರಿ ಇಡೀ ಬಿಟ್ಟಿದ್ವಿ, ಮುಂಜಾನೆ ರಂಗೋಲಿ ಪುಡಿ ಹಂಗ ಬೆಳ್ಳಗ ಇತ್ತು. ಲೈಫ್ ಜಾಕೆಟ್ ಎರಡು ತರೂದು ಅಷ್ಟ ಬಾಕಿ ಐತಿ, ಕಾಕಾ ನನಗ ಬ್ಯಾಡ ಅಂತಾನ, ಆದ್ರೂ ಎರಡ ತರತೀನಿ.