ಪೋಸ್ಟ್‌ಡಾಕ್ ಬೇಕೇ? ಥೀಸಿಸ್ ಮುಗಿಯುವ ಮೊದಲೇ ಹೊರಡಿ

ಪೋಸ್ಟ್‌ಡಾಕ್ ಎಂದರೆ ಪಿಎಚ್‌.ಡಿ. ನಂತರದ ತಾತ್ಕಾಲಿಕ ಸಂಶೋಧನಾ ಹುದ್ದೆ. ಅದನ್ನು ಥೀಸಿಸ್ ಒಪ್ಪಿಸಿದ ಮೇಲೆ ನೋಡೋಣ ಎನ್ನುವವರಿಗೆ ಒಂದು ವರ್ಷ ಖಾಲಿ ಹೋಗುವುದು ಹೆಚ್ಚುಕಡಿಮೆ ಖಚಿತ. ಸಲ್ಲಿಕೆಗೆ ಹನ್ನೆರಡರಿಂದ ಹದಿನೈದು ತಿಂಗಳು ಇರುವಾಗಲೇ ಹುಡುಕಾಟ ಶುರುವಾಗಬೇಕು.

ಮೊದಲು, ನಿಮ್ಮ ವಿಷಯದ ಹುದ್ದೆಗಳು ಎಲ್ಲಿ ಸಿಗುತ್ತವೆ ಎಂದು ತಿಳಿಯಿರಿ. ಗಣಿತದವರಿಗೆ ಮ್ಯಾಥ್‌ಜಾಬ್ಸ್ ತಾಣ. ಅಲ್ಲಿನ ಅಮೆರಿಕದ ಹುದ್ದೆಗಳಲ್ಲಿ ಹೆಚ್ಚಿನವಕ್ಕೆ ನವೆಂಬರ್–ಡಿಸೆಂಬರ್ ಗಡುವು, ಸೇರುವುದು ಮುಂದಿನ ಆಗಸ್ಟ್ ಹೊತ್ತಿಗೆ. ಖಗೋಳ ವಿಜ್ಞಾನಕ್ಕೆ ಅಮೆರಿಕನ್ ಆಸ್ಟ್ರೊನಾಮಿಕಲ್ ಸೊಸೈಟಿಯ ಜಾಬ್ ರಿಜಿಸ್ಟರ್, ಕಣಭೌತಕ್ಕೆ ಇನ್‌ಸ್ಪೈರ್-ಎಚ್‌ಇಪಿ ತಾಣ, ಯೂರೋಪಿನ ಎಲ್ಲ ವಿಷಯಗಳಿಗೂ ಯುರಾಕ್ಸೆಸ್ ತಾಣ. ಸಮಾಜ ವಿಜ್ಞಾನದವರು ದೆಹಲಿಯ ಐಸಿಎಸ್‌ಎಸ್‌ಆರ್ (ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಪರಿಷತ್ತು) ಪ್ರಕಟಣೆಗಳ ಮೇಲೆ ಕಣ್ಣಿಡಬೇಕು. ಜೀವವಿಜ್ಞಾನದ ಕತೆ ಬೇರೆ: ಎಷ್ಟೋ ಜಾಗಗಳು ಜಾಹೀರಾತಿಗೇ ಬರುವುದಿಲ್ಲ, ಲ್ಯಾಬ್ ಮುಖ್ಯಸ್ಥರಿಗೆ ಬರೆದ ನೇರ ಇಮೇಲ್‌ನಲ್ಲೇ ತುಂಬುತ್ತವೆ.

ಆ ಇಮೇಲ್ ಇನ್ನೂರು ಪದ ದಾಟದಿರಲಿ. ಅವರ ಯಾವ ಪ್ರಬಂಧದ ಯಾವ ಪ್ರಶ್ನೆಯನ್ನು ಮುಂದೆ ಒಯ್ಯಬಲ್ಲಿರಿ, ಅದಕ್ಕೆ ಬೇಕಾದ ಯಾವ ಪ್ರಯೋಗ ಅಥವಾ ವಿಧಾನ ನಿಮ್ಮ ಕೈಯಲ್ಲಿದೆ, ಪದವಿ ಯಾವ ತಿಂಗಳಿಗೆ, ಸ್ವಂತ ಫೆಲೋಶಿಪ್‌ಗೆ ಅರ್ಜಿ ಹಾಕುವಿರಾ: ಇಷ್ಟು ಸಾಕು. ಜೊತೆಗೆ ಎರಡು ಪುಟದ ಸಿವಿ. ಉತ್ತರ ಬರದಿದ್ದರೆ ಎರಡು ವಾರ ಬಿಟ್ಟು ಒಮ್ಮೆ ನೆನಪಿಸಿ, ಅಷ್ಟಕ್ಕೇ ನಿಲ್ಲಿಸಿ. ‘ರೆಸ್ಪೆಕ್ಟೆಡ್ ಸರ್’ ಎಂದು ನಲವತ್ತು ಜನರಿಗೆ ಕಳಿಸಿದ ಪತ್ರ ಮೊದಲ ಸಾಲಿನಲ್ಲೇ ಸಿಕ್ಕಿಬೀಳುತ್ತದೆ. ಆ ಸರ್ ಎಷ್ಟೋ ಸಲ ಮೇಡಂ ಆಗಿರುತ್ತಾರೆ.

ಫೆಲೋಶಿಪ್ ಆದರೆ ಅವಧಿಯ ಲೆಕ್ಕ ಹಾಕಿ. ಜರ್ಮನಿಯ ಹುಂಬೋಲ್ಟ್ ಪ್ರತಿಷ್ಠಾನದ ಫೆಲೋಶಿಪ್‌ನ ಪೋಸ್ಟ್‌ಡಾಕ್ ವಿಭಾಗಕ್ಕೆ ಪಿಎಚ್‌.ಡಿ. ಆಗಿ 4 ವರ್ಷದೊಳಗಿರಬೇಕು. ಅರ್ಜಿ ವರ್ಷವಿಡೀ ಹಾಕಬಹುದು. ಜಪಾನಿನ ವಿಜ್ಞಾನ ಪ್ರೋತ್ಸಾಹ ಸಂಸ್ಥೆಯಾದ ಜೆಎಸ್‌ಪಿಎಸ್‌ನ ಫೆಲೋಶಿಪ್‌ಗೆ 6 ವರ್ಷ. ಅರ್ಜಿ ಹಾಕುವವರು ನೀವಲ್ಲ, ಅಲ್ಲಿನ ಆತಿಥೇಯ ಪ್ರಾಧ್ಯಾಪಕರು. ಯೂರೋಪಿನ ಮೇರಿ ಕ್ಯೂರಿ ಫೆಲೋಶಿಪ್‌ನ ಗಡುವು ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ, ಆದ್ದರಿಂದ ಏಪ್ರಿಲ್ ಹೊತ್ತಿಗೆ ಆತಿಥೇಯರು ಒಪ್ಪಿರಬೇಕು. ಗಡುವಿನ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಹೆಚ್ಚು ಆತಿಥೇಯ ದೇಶದಲ್ಲಿ ಇದ್ದವರಿಗೆ ಅದು ಸಿಗದು. ಮೊದಲು ಅಲ್ಲಿಗೆ ಹೋಗಿ ಆಮೇಲೆ ಅರ್ಜಿ ಹಾಕುತ್ತೇನೆ ಎಂದವರು ಎಡವುವುದು ಇಲ್ಲೇ. ಅಂಕಗಳಲ್ಲಿ ವಿಜ್ಞಾನಕ್ಕೆ ಶೇ 50, ಪರಿಣಾಮಕ್ಕೆ ಶೇ 30, ಅನುಷ್ಠಾನಕ್ಕೆ ಶೇ 20. ನಮ್ಮವರು ಹತ್ತು ಪುಟಗಳಲ್ಲಿ ಎಂಟನ್ನು ವಿಜ್ಞಾನಕ್ಕೇ ಸುರಿದು ಉಳಿದ ಅರ್ಧದಷ್ಟು ಅಂಕವನ್ನು ಕೈಚೆಲ್ಲುತ್ತಾರೆ.

ಶಿಫಾರಸು ಪತ್ರ ಸಾಮಾನ್ಯವಾಗಿ ಮೂರು ಬೇಕು. ‘ನೀವೇ ಬರೆದು ತನ್ನಿ, ಸಹಿ ಹಾಕುತ್ತೇನೆ’ ಎನ್ನುವ ಗೈಡ್‌ಗಳಿಂದ ದೊಡ್ಡ ಹಾನಿ: ಮೂರೂ ಪತ್ರ ಒಂದೇ ದನಿಯಲ್ಲಿರುತ್ತವೆ, ಆಯ್ಕೆ ಸಮಿತಿಗೆ ಅದು ತಿಳಿಯುತ್ತದೆ. ತಿಂಗಳ ಮೊದಲೇ ಕೇಳಿ, ನಿಮ್ಮ ಕೆಲಸದ ಒಂದು ಪುಟದ ಟಿಪ್ಪಣಿ ಕೊಡಿ, ಸಂಸ್ಥೆಯ ಇಮೇಲ್‌ನಿಂದಲೇ ಕಳಿಸಲು ಹೇಳಿ.

ಸಂದರ್ಶನದಲ್ಲಿ ನೀವೂ ಕೇಳಿ: ಹಣ ಕೈಯಲ್ಲಿದೆಯೇ, ಮಂಜೂರಾಗಬೇಕೇ? ಎರಡನೇ ವರ್ಷ ಯಾವುದರ ಮೇಲೆ ನಿಂತಿದೆ? ಆ ಲ್ಯಾಬ್ ಬಿಟ್ಟುಹೋದ ಒಬ್ಬರೊಡನೆ ಮಾತಾಡದೆ ಒಪ್ಪಬೇಡಿ.

ಕೊನೆಗೆ ಕಾಗದಪತ್ರ. ವೈವಾ ಮುಗಿದ ಮರುದಿನವೇ ಪ್ರಾವಿಷನಲ್ ಸರ್ಟಿಫಿಕೇಟಿಗೆ ಅರ್ಜಿ ಕೊಡಿ; ಘಟಿಕೋತ್ಸವಕ್ಕೆ ಕಾದರೆ ನೇಮಕಾತಿ ಪತ್ರ ಹಳಸುತ್ತದೆ. ಅಮೆರಿಕಕ್ಕೆ ಜೆ-1 ವೀಸಾದ ರಿಸರ್ಚ್ ಸ್ಕಾಲರ್ ವರ್ಗದಲ್ಲಿ ಗರಿಷ್ಠ 5 ವರ್ಷ ಇರಬಹುದು. ಆದರೆ ಅದನ್ನು ನಡುವೆಯೇ ಮುಗಿಸಿ ಬಂದರೆ ಅದೇ ವರ್ಗದಲ್ಲಿ ಮರಳಲು 24 ತಿಂಗಳು ಕಾಯಬೇಕು. ಆರು ತಿಂಗಳೊಳಗಿನ ಕೆಲಸವಾದರೆ ಶಾರ್ಟ್ ಟರ್ಮ್ ಸ್ಕಾಲರ್ ವರ್ಗದಲ್ಲಿ ಡಿಎಸ್-2019 (ಜೆ-1 ವೀಸಾಕ್ಕೆ ಆತಿಥೇಯ ಸಂಸ್ಥೆ ಕೊಡುವ ಅರ್ಹತಾ ಪತ್ರ) ಕೊಡುವಂತೆ ಕೇಳಿ. ಅದಕ್ಕೆ ಈ ತಡೆ ಇಲ್ಲ.