ಪಟ್ಟಿಯಲ್ಲಿ ನಮ್ಮ ಹೆಸರು ಎಷ್ಟನೆಯದು? ಟೊಮೆಟೊ ಮಂಡಿಗಾಗಿ ಬರೆದ ಪ್ರೋಗ್ರಾಂ

ಕೋಲಾರದ ಎಪಿಎಂಸಿ ಟೊಮೆಟೊಗೆ ಹೆಸರಾದ ಮಾರುಕಟ್ಟೆ. ಸೀಸನ್ ಬಂತೆಂದರೆ ಬೆಳಗಾಗುವ ಹೊತ್ತಿಗೆ 15 ಕೆಜಿ ಬಾಕ್ಸುಗಳ ಸಾಲು ನಿಂತಿರುತ್ತದೆ. ಅಲ್ಲಿನ ಒಂದು ಮಂಡಿಗೆ ನಾನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸಣ್ಣ ಪ್ರೋಗ್ರಾಂ ಬರೆದುಕೊಟ್ಟೆ. ಬಂದ ಲಾಟುಗಳನ್ನು ಬಂದ ಕ್ರಮದಲ್ಲೇ ಒಂದು ಲಿಸ್ಟ್‌ಗೆ ಸೇರಿಸುವುದು, ರೈತರು ಬಂದು "ಅಣ್ಣ, ನಮ್ದು ಎಷ್ಟನೇದು?" ಅಂತ ಕೇಳಿದರೆ ತಕ್ಷಣ ಹೇಳುವುದು. ಇಷ್ಟೇ ಕೆಲಸ.

ಪೈಥಾನ್‌ನಲ್ಲಿ ಇದಕ್ಕೆ ಒಂದೇ ಸಾಲು ಸಾಕು. ಲಿಸ್ಟ್‌ಗೆ ಇಂಡೆಕ್ಸ್ ಎಂಬ ಮೆಥಡ್ ಇದೆ. ಹೆಸರು ಕೊಟ್ಟರೆ ಅದು ಮೊದಲಿಂದ ಒಂದೊಂದನ್ನೇ ಹೋಲಿಸುತ್ತಾ ಹೋಗಿ, ಮೊದಲು ಸಿಕ್ಕಿದ್ದರ ಸ್ಥಾನ ಕೊಡುತ್ತದೆ. ಎಣಿಕೆ 0ಯಿಂದ ಶುರು. ನಾನು ಪ್ರೋಗ್ರಾಂ ಒಳಗೆಲ್ಲ 0ಯಿಂದಲೇ ಇಟ್ಟುಕೊಂಡೆ, ಪರದೆ ಮೇಲೆ ತೋರಿಸುವಾಗ ಮಾತ್ರ 1 ಕೂಡಿಸಿದೆ. ಈ ಕೂಡಿಸುವ ಕೆಲಸ ಒಂದೇ ಜಾಗದಲ್ಲಿ ಇರಬೇಕು. ಅಲ್ಲಲ್ಲಿ ಹರಡಿದರೆ ಯಾವ ಸಂಖ್ಯೆ ಯಾವ ಲೆಕ್ಕದ್ದು ಅಂತ ಗೊತ್ತಾಗುವುದಿಲ್ಲ.

ಹೆಸರು ಇಲ್ಲದಿದ್ದರೆ? ಜಾವಾ, ಜಾವಾಸ್ಕ್ರಿಪ್ಟ್ ಎಂಬ ಭಾಷೆಗಳಲ್ಲಿ ಇದೇ ಕೆಲಸ ಮಾಡುವ ಇಂಡೆಕ್ಸ್‌ಆಫ್ -1 ಕೊಡುತ್ತದೆ. ಪೈಥಾನ್‌ನ ಇಂಡೆಕ್ಸ್ ವ್ಯಾಲ್ಯೂಎರರ್ ಎಸೆದು ನಿಲ್ಲುತ್ತದೆ. ಅದು ಹಾಗೆ ನಿಲ್ಲುವುದು ನನಗೆ ಇಷ್ಟ. ಯಾಕೆಂದರೆ ಪೈಥಾನ್‌ನಲ್ಲಿ -1 ಅಂದರೆ ಲಿಸ್ಟ್‌ನ ಕೊನೆಯ ಅಂಶ. ಜಾವಾದ ಅಭ್ಯಾಸದಲ್ಲಿ "ಸಿಗಲಿಲ್ಲ" ಅನ್ನುವುದಕ್ಕೆ -1 ಇಟ್ಟುಕೊಂಡರೆ, ಪಟ್ಟಿಯಲ್ಲೇ ಇಲ್ಲದ ರೈತರಿಗೆ ಕೊನೆಯವರ ಲಾಟ್ ತೋರಿಸಿಬಿಡುತ್ತದೆ. ಎರರ್ ಕೂಡ ಬರುವುದಿಲ್ಲ. ಹಾಗಾಗಿ ಎರರನ್ನು ನನ್ನ ಫಂಕ್ಷನ್ನಿನಲ್ಲೇ ಹಿಡಿದು ನನ್ (None) ಎಂಬ ಖಾಲಿ ಮೌಲ್ಯ ಹಿಂತಿರುಗಿಸಿದೆ. ಅದನ್ನು ಪರೀಕ್ಷಿಸುವಾಗಲೂ ಸುಮ್ನೆ "ಸ್ಥಾನ ಇದ್ದರೆ" ಅಂತ ಬರೆಯಬಾರದು. ಮೊದಲ ರೈತರ ಸ್ಥಾನ 0, ಪೈಥಾನ್ ಕಣ್ಣಿಗೆ 0 ಅಂದರೆ ಸುಳ್ಳು. "ನನ್ ಅಲ್ಲದಿದ್ದರೆ" ಅಂತ ಬಿಡಿಸಿಯೇ ಬರೆಯಬೇಕು. ಎಲ್ಲರಿಗಿಂತ ಮುಂಚೆ ಬಂದವರಿಗೇ "ನಿಮ್ಮ ಹೆಸರಿಲ್ಲ" ಅನ್ನುವುದು ನ್ಯಾಯವಲ್ಲ ಅಲ್ವಾ?

ಇಲ್ಲಿಯವರೆಗೆ ಯಾವ ಭಾಷೆಯ ಹೆಸರಿಗೂ ಇದೇ ಮಾತು. ಕನ್ನಡದ ಹೆಸರುಗಳು ಬಂದಾಗ ಕೆಲಸ ಜಾಸ್ತಿ ಆಗುತ್ತದೆ.

ಇಂಡೆಕ್ಸ್ ಹುಡುಕುವುದು ಕಣ್ಣಿಗೆ ಒಂದೇ ತರ ಕಾಣುವುದನ್ನಲ್ಲ, ಒಳಗಿನ ಕೋಡ್ ಒಂದೇ ಆಗಿರುವುದನ್ನು. ಗೋಪಾಲಪ್ಪ ಎಂಬ ಹೆಸರನ್ನೇ ತಗೊಳ್ಳಿ. 'ಗೋ'ದಲ್ಲಿರುವ ಓತ್ವಕ್ಕೆ ಯೂನಿಕೋಡ್‌ನಲ್ಲಿ (ಅಕ್ಷರಗಳಿಗೆ ಕಂಪ್ಯೂಟರ್ ಒಳಗೆ ಸಂಖ್ಯೆ ಕೊಡುವ ಪದ್ಧತಿ) ಒಂದೇ ಕೋಡ್ ಇದೆ. ಅದನ್ನೇ ಎತ್ವ, ಕೊಂಬಿನ ಇಳಿ, ದೀರ್ಘ ಎಂದು ಮೂರು ಕೋಡ್‌ಗಳಾಗಿಯೂ ಬರೆಯಬಹುದು. ಪರದೆ ಮೇಲೆ ಎರಡೂ ಗೋಪಾಲಪ್ಪನೇ. ಆದರೆ ಉದ್ದ ಕೇಳಿದರೆ ಪೈಥಾನ್ ಒಂದಕ್ಕೆ 8 ಅನ್ನುತ್ತದೆ, ಇನ್ನೊಂದಕ್ಕೆ 10. ಅದರ ಪಾಲಿಗೆ ಇವರು ಇಬ್ಬರು ಬೇರೆ ಬೇರೆ ಮನುಷ್ಯರು. ಈಗ ಫೋನಿನಲ್ಲಿ ಒತ್ತಿದ ಹೆಸರು, ಹಳೆಯ ನುಡಿ ತಂತ್ರಾಂಶದ ಫೈಲಿನಿಂದ ಯೂನಿಕೋಡ್‌ಗೆ ಬದಲಿಸಿದ ಹೆಸರು, ಎರಡೂ ಒಂದೇ ಲಿಸ್ಟ್‌ನಲ್ಲಿ ಇರುವಾಗ ಇದು ಆಗಬಹುದು.

ಇದಕ್ಕೆ ಪೈಥಾನ್ ಜೊತೆಗೇ ಬರುವ ಯೂನಿಕೋಡ್‌ಡೇಟಾ ಮಾಡ್ಯೂಲ್ ಇದೆ. ಅದರ ನಾರ್ಮಲೈಸ್ ಫಂಕ್ಷನ್‌ಗೆ ಎನ್‌ಎಫ್‌ಸಿ ರೂಪ ಬೇಕು ಅಂತ ಹೇಳಿದರೆ ಬಿಡಿ ತುಂಡುಗಳನ್ನೆಲ್ಲ ಸೇರಿಸಿ ಒಂದೇ ರೂಪಕ್ಕೆ ತರುತ್ತದೆ. ಲಿಸ್ಟ್‌ನ ಹೆಸರಿಗೂ ಹುಡುಕುವ ಹೆಸರಿಗೂ ಎರಡಕ್ಕೂ ಇದನ್ನು ಮಾಡಬೇಕು. ಒಂದು ಕಡೆ ಮಾತ್ರ ಮಾಡಿದರೆ ಪ್ರಯೋಜನವಿಲ್ಲ.

ನಾರ್ಮಲೈಸ್ ಮುಟ್ಟದ ಇನ್ನೊಂದು ಇದೆ. ರಾಜ್‌ಕುಮಾರ್ ಅಂತ ಬರೆಯುವಾಗ ಜ್ ಕೆಳಗೆ ಕ ಒತ್ತಾಗದಂತೆ ಮಧ್ಯೆ ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕುತ್ತೇವೆ. ಯೂನಿಕೋಡ್‌ನಲ್ಲಿ ಅದರ ಹೆಸರು ಜೀರೋ ವಿಡ್ತ್ ನಾನ್ ಜಾಯ್ನರ್. ಕೆಲವರು ಹಾಕುತ್ತಾರೆ, ಕೆಲವರು ಹಾಕುವುದಿಲ್ಲ. ಎನ್‌ಎಫ್‌ಸಿ ಮಾಡಿದರೂ ಅದು ಹೋಗುವುದಿಲ್ಲ, ನಾವೇ ತೆಗೆಯಬೇಕು. ಹೆಸರಿನ ಹಿಂದೆ ಮುಂದೆ ಉಳಿದ ಖಾಲಿ ಜಾಗವನ್ನೂ ಸ್ಟ್ರಿಪ್ ಮಾಡಬೇಕು. ಆದರೆ ಇದೆಲ್ಲ ಹೋಲಿಕೆಗೆ ಮಾತ್ರ. ಬಿಲ್ಲಿನಲ್ಲಿ ಅಚ್ಚಾಗುವುದು ಅವರು ಬರೆಸಿದ ಹೆಸರೇ. ಒಬ್ಬರ ಹೆಸರನ್ನು ನಮ್ಮ ಅನುಕೂಲಕ್ಕೆ ತಿದ್ದುವ ಹಕ್ಕು ಪ್ರೋಗ್ರಾಂ ಬರೆಯುವವರಿಗೆ ಇಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ಒಂದೇ ಹೆಸರಿನವರು. ಕೋಲಾರದ ಕಡೆ ಒಂದು ಪಟ್ಟಿಯಲ್ಲಿ ಮುನಿಯಪ್ಪ ಒಬ್ಬರೇ ಇದ್ದರೆ ಅದೇ ವಿಶೇಷ. ಒಬ್ಬ ಮುನಿಯಪ್ಪನವರೇ ಎರಡು ಗಾಡಿಯಲ್ಲಿ ಎರಡು ಲಾಟ್ ತರುವುದೂ ಉಂಟು. ಇಂಡೆಕ್ಸ್ ಮೊದಲನೆಯವರನ್ನು ಮಾತ್ರ ತೋರಿಸಿ ಸುಮ್ಮನಾಗುತ್ತದೆ. ಎಲ್ಲ ಸ್ಥಾನಗಳೂ ಬೇಕೆಂದರೆ ಎನ್ಯೂಮರೇಟ್ ಬಳಸಿ ಸಂಖ್ಯೆ ಮತ್ತು ಹೆಸರು ಜೊತೆಜೊತೆಗೆ ಓಡಿಸಿ, ಹೊಂದಿದ ಸಂಖ್ಯೆಗಳನ್ನೆಲ್ಲ ಕೂಡಿಟ್ಟುಕೊಳ್ಳಬೇಕು. ಪರದೆಯಲ್ಲಿ ಊರಿನ ಹೆಸರೂ ಪಕ್ಕದಲ್ಲಿ ಬರುವಂತೆ ಮಾಡಿದೆ. ಮುಳಬಾಗಿಲು ಕಡೆಯವರೋ ಮಾಲೂರು ಕಡೆಯವರೋ ಮಂಡಿಯ ಲೆಕ್ಕ ಬರೆಯುವ ರೈಟರ್‌ಗೆ ಆಗ ಗೊತ್ತಾಗುತ್ತದೆ.

ಹರಾಜಾದ ಲಾಟನ್ನು ಲಿಸ್ಟ್‌ನಿಂದ ಅಳಿಸಲಿಲ್ಲ. ಒಂದು ಅಳಿಸಿದರೆ ಅದರ ಹಿಂದಿನವರ ಸ್ಥಾನವೆಲ್ಲ ಒಂದೊಂದು ಮುಂದೆ ಸರಿಯುತ್ತದೆ, ಬೆಳಗ್ಗೆ ಚೀಟಿಯಲ್ಲಿ ಬರೆದುಕೊಟ್ಟ ಸಂಖ್ಯೆ ಸುಳ್ಳಾಗುತ್ತದೆ. "ಮಾರಾಟವಾಯಿತು" ಎಂದು ಗುರುತು ಹಾಕಿ ಹಾಗೇ ಬಿಟ್ಟೆ. ಮುಂದೆ ಎಷ್ಟು ಜನ ಇದ್ದಾರೆ ಅಂತ ಕೇಳಿದರೆ ಅವರ ಸ್ಥಾನಕ್ಕಿಂತ ಮೊದಲಿರುವ, ಗುರುತಿಲ್ಲದ ಲಾಟುಗಳನ್ನು ಎಣಿಸುತ್ತದೆ.

ವೇಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ಬೆಳಗಿನ ಪಟ್ಟಿಗೆ ಮೊದಲಿಂದ ಹುಡುಕುವುದೇ ಧಾರಾಳ ಸಾಕು. ಇಡೀ ಸೀಸನ್ನಿನ ಲೆಕ್ಕದಲ್ಲಿ ಪದೇಪದೇ ಹುಡುಕಬೇಕಾದಾಗ ಮಾತ್ರ ಹೆಸರಿನಿಂದ ಸ್ಥಾನಗಳಿಗೆ ಹೋಗುವ ಡಿಕ್ಷನರಿ ಒಂದನ್ನು ಒಮ್ಮೆ ಕಟ್ಟಿಕೊಂಡೆ. "ಇವತ್ತಿನ ರೇಟುಗಳಲ್ಲಿ ನಮ್ಮದು ಎಷ್ಟನೇದು" ಅನ್ನುವುದಕ್ಕೆ ರೇಟುಗಳನ್ನು ಏರಿಕೆ ಕ್ರಮದಲ್ಲಿಟ್ಟು ಬೈಸೆಕ್ಟ್ ಬಳಸಿದೆ. ಅದು ಪ್ರತಿ ಸಲ ಅರ್ಧ ಬಿಟ್ಟು ಅರ್ಧದಲ್ಲಿ ಹುಡುಕುತ್ತದೆ, ಹತ್ತು ಲಕ್ಷ ಅಂಶಗಳಿದ್ದರೂ ಸುಮಾರು 20 ಹೋಲಿಕೆ ಸಾಕು. ಅದು ಕೊಡುವುದು ಆ ಸಂಖ್ಯೆ ಇರಬೇಕಾದ ಜಾಗ. ಅಲ್ಲಿ ನಿಜಕ್ಕೂ ಅದೇ ಇದೆಯಾ ಅಂತ ನಾವೇ ನೋಡಿಕೊಳ್ಳಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಸಿಗದ ಹೆಸರು ಬಂದರೆ ಡಿಫ್‌ಲಿಬ್ ಮಾಡ್ಯೂಲ್‌ನಿಂದ ಹತ್ತಿರದ ಹೆಸರುಗಳನ್ನು ತೋರಿಸುತ್ತೇನೆ. ಮುನಿರಾಜು ಸಿಗದಿದ್ದರೆ ಮುನಿರಾಜ, ಮುನಿರಾಜಪ್ಪ ಬರಬಹುದು. ಅವುಗಳಲ್ಲಿ ಒಂದನ್ನು ಪ್ರೋಗ್ರಾಂ ತಾನೇ ಆರಿಸುವುದಿಲ್ಲ. ದುಡ್ಡು ಹೋಗುವುದು ಆ ಹೆಸರಿಗೆ. ರೈಟರ್ ರೈತರ ಮುಖ ನೋಡಿ, ಊರು ಕೇಳಿ, ಆಮೇಲೆ ಒತ್ತುತ್ತಾರೆ.