ಮಕ್ಕಳಿಗೆ ಸ್ಪ್ರಿಂಗ್‌ಸ್ಟೀನ್ ಹುಚ್ಚು ಹಿಡಿಸಿದ್ದು ಹೇಗೆ

ನಾವಿರುವುದು ನ್ಯೂಜೆರ್ಸಿಯಲ್ಲಿ. ಅಮೆರಿಕದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಬೆಳೆದದ್ದೂ ಇದೇ ರಾಜ್ಯದ ಫ್ರೀಹೋಲ್ಡ್‌ನಲ್ಲಿ. ನನಗಂತೂ ಅವರ ಹಾಡೆಂದರೆ ಪ್ರಾಣ, ಮಕ್ಕಳಿಗೂ ಹಿಡಿಸಲಿ ಅಂತ ಬಹಳ ಆಸೆ ಇತ್ತು. ಆದರೆ ಆಲ್ಬಮ್ ಹಾಕಿ "ಸುಮ್ನೆ ಕೂತು ಕೇಳಿ" ಅಂದರೆ ಯಾವ ಮಕ್ಕಳು ಕೇಳುತ್ತಾರೆ? ಅದಕ್ಕೇ ನಾನು ಟಿವಿಯಿಂದ ಶುರು ಮಾಡಿದೆ. 2009ರ ಫೆಬ್ರವರಿ 1ರಂದು ಫ್ಲಾರಿಡಾದ ಟ್ಯಾಂಪಾದಲ್ಲಿ, ಸೂಪರ್ ಬೌಲ್ ಅನ್ನುವ ಅಮೆರಿಕನ್ ಫುಟ್‌ಬಾಲ್ ಫೈನಲ್‌ನ ಹಾಫ್‌ಟೈಮ್‌ನಲ್ಲಿ, ಅಂದರೆ ಆಟದ ನಡುವಿನ ಬಿಡುವಿನಲ್ಲಿ, ಅವರು ಹಾಡಿದ ವಿಡಿಯೊ.

ಆಗ ಅವರಿಗೆ 59 ವರ್ಷ. ಸಿಕ್ಕಿದ್ದು ಹನ್ನೆರಡು ನಿಮಿಷದಷ್ಟು ಸಮಯ, ಅಷ್ಟರಲ್ಲೇ ನಾಲ್ಕು ಹಾಡು. ಮಕ್ಕಳ ತಾಳ್ಮೆಗೆ ಹೇಳಿ ಮಾಡಿಸಿದ ಹಾಗಿದೆ. ಶುರುವಿನಲ್ಲಿ ಬೆಳಕಿನೆದುರು ಎರಡು ಕಪ್ಪು ಆಕೃತಿಗಳು ಒಬ್ಬರಿಗೊಬ್ಬರು ಒರಗಿ ನಿಂತಿವೆ: ಬ್ರೂಸ್ ಮತ್ತು ಅವರ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ನುಡಿಸುವ ಕ್ಲಾರೆನ್ಸ್ ಕ್ಲೆಮನ್ಸ್. ಆಮೇಲೆ ಬ್ರೂಸ್ ಮೊಣಕಾಲ ಮೇಲೆ ಜಾರಿಕೊಂಡು ಬಂದು ಸೀದಾ ಕ್ಯಾಮೆರಾಕ್ಕೇ ಗುದ್ದುತ್ತಾರೆ. ಮಗ ಬಿದ್ದು ಬಿದ್ದು ನಕ್ಕ, ಇನ್ನೊಂದು ಸಲ ಹಾಕು ಅಂದ. ನಾನು ಮಾತೇ ಆಡದೆ ಹಾಕಿದೆ.

ವಿಡಿಯೊ ಮುಗಿದ ಮೇಲೆ 1975ರ 'ಬಾರ್ನ್ ಟು ರನ್' ಎಲ್‌ಪಿ ತೆಗೆದು ಮಗಳ ಕೈಗೆ ಕೊಟ್ಟೆ. ಕವರಿನ ಮುಂಭಾಗದಲ್ಲಿ ಬ್ರೂಸ್ ಯಾರದೋ ಹೆಗಲಿಗೆ ಒರಗಿ ನಗುತ್ತಿದ್ದಾರೆ. ಅದನ್ನು ಪೂರ್ತಿ ಬಿಡಿಸಿದರೆ ಹಿಂಭಾಗದಲ್ಲಿ ಸ್ಯಾಕ್ಸೋಫೋನ್ ಹಿಡಿದ ಕ್ಲಾರೆನ್ಸ್! "ಅಪ್ಪಾ, ಟಿವೀಲಿ ಹೀಗೇ ನಿಂತಿದ್ರಲ್ವಾ?" ಅಂತ ಅವಳೇ ಕಂಡುಹಿಡಿದಳು. ಹಾಡು ಕೇಳುವ ಆಸೆ ಅವಳಿಗೆ ಬಂದದ್ದು ಆಗಲೇ.

ಮುಂದಿನದೆಲ್ಲ ಕಾರಿನಲ್ಲಿ ಆಯಿತು. ನನ್ನ ಪದ್ಧತಿ ಇಷ್ಟೇ, ಒಂದು ಸಲಕ್ಕೆ ಒಂದೇ ವಾದ್ಯ. ಇವತ್ತು ಸ್ಯಾಕ್ಸೋಫೋನ್ ಎಲ್ಲಿ ಬರುತ್ತೆ ನೋಡೋಣ, ನಾಳೆ ಡ್ರಮ್ಸ್, ಇನ್ನೊಂದು ದಿನ ಗಿಟಾರಿನ ಜೊತೆ ಸಣ್ಣಗೆ ಕಿಣಿಕಿಣಿ ಅನ್ನುವ ಗ್ಲಾಕೆನ್‌ಸ್ಪೀಲ್ (ಲೋಹದ ಪಟ್ಟಿಗಳನ್ನು ಬಡಿದು ನುಡಿಸುವ ವಾದ್ಯ). ಹಾಡಿನ ಅರ್ಥ, ಇತಿಹಾಸ ಎಲ್ಲ ಅವರಾಗಿಯೇ ಕೇಳುವ ತನಕ ನಾನು ಹೇಳಲಿಲ್ಲ. ಹಾಡಿನ ನಡುವೆ ನಿಲ್ಲಿಸಿ ಪಾಠ ಮಾಡಿದರೆ ಮಕ್ಕಳ ಉತ್ಸಾಹ ಅಲ್ಲಿಗೇ ಮುಗಿಯಿತು ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಸ್ಯಾಕ್ಸೋಫೋನ್ ಮಗಳ ಕಿವಿಗೆ ಚೆನ್ನಾಗಿ ಹತ್ತಿದ ಮೇಲೆ ನಮ್ಮ ಕದ್ರಿ ಗೋಪಾಲನಾಥ್ ಅವರನ್ನು ಕೇಳಿಸಿದೆ. ಮೈಸೂರು ಅರಮನೆ ಬ್ಯಾಂಡಿನಲ್ಲಿ ಈ ವಾದ್ಯ ನೋಡಿ ಮನಸೋತು, ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದವರು ಅವರು. ಬ್ರೂಸ್ ಮತ್ತು ಅವರು ಇಬ್ಬರೂ 1949ರಲ್ಲೇ ಹುಟ್ಟಿದವರು. ಕ್ಲಾರೆನ್ಸ್ ಎದೆ ತುಂಬಿ ಉದ್ದಕ್ಕೆ ಊದಿದರೆ, ಕದ್ರಿಯವರ ಗಮಕದಲ್ಲಿ ಸ್ವರ ಬಳುಕುತ್ತದೆ. ಇದು ಅದೇ ವಾದ್ಯವಾ ಅಂತ ಮಗಳಿಗೆ ನಂಬಲಿಕ್ಕೇ ಆಗಲಿಲ್ಲ.

ಇಬ್ಬರನ್ನೂ ನೋಡಬೇಕು ಅಂತ ಹಟ ಹಿಡಿದಳು. ಕ್ಲಾರೆನ್ಸ್ 2011ರಲ್ಲಿ, ಕದ್ರಿಯವರು 2019ರಲ್ಲಿ ತೀರಿಕೊಂಡರು ಅಂತ ಹೇಳುವಾಗ ನನಗೂ ಸಂಕಟ ಆಯಿತು. ಕ್ಲಾರೆನ್ಸ್ ಜಾಗದಲ್ಲಿ ಈಗ ನುಡಿಸುವುದು ಅವರ ಸೋದರನ ಮಗ ಜೇಕ್ ಅಂದೆ. ಹಾಗಾದರೆ ಅವರ ವಿಡಿಯೊ ಹಾಕು ಅಂದಳು.